ಸೂಗಪ್ಪನಿಗೂ ಒಬ್ಬ ವಕೀಲ

ಸೇಡಂ
೧೬ ನವೆಂಬರ್ ೨೦೨೫, ಭಾನುವಾರ

ಮಗಳೇ ಕರುಣಾ,

ಕೆಮ್ಮು ಹೇಗಿದೆ? ಕಲಬುರಗಿಯ ಆ ಬಾಡಿಗೆ ಕೋಣೆಗೆ ಬಿಸಿಲಾದರೂ ಬೀಳುತ್ತದೋ ಇಲ್ಲವೋ. ಮುರಿದ ಕಾಲನ್ನು ಈಗ ನೆಲಕ್ಕೆ ಊರುತ್ತೇನೆ, ಚಿಂತೆ ಬೇಡ. ಅವ್ವನ ಬಿಪಿ ಮಾತ್ರ ಇಳಿದಿಲ್ಲ. ನಿನ್ನ ಸುದ್ದಿ ಅವಳು ಕೇಳುವುದಿಲ್ಲ. ಆದರೆ ನಿನ್ನ ಫೋನ್ ಬಂದರೆ ಒಲೆ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಅವಳಿಗೆ ಕೇಳಿಸಬಾರದ ಮಾತಿದೆ, ಅದಕ್ಕೇ ಈ ಕಾಗದ.

ಚನ್ನು ಹೋದ ಮೇಲೆ ಮನೆಯಲ್ಲಿ ಮೂವರು ಉಳಿದೆವು, ನೀನು ಹೋದ ಮೇಲೆ ಇಬ್ಬರು. ನಿನ್ನ ಕೈಕೆಳಗೇ ಕರಿಕೋಟು ಹಾಕಿದ ನಿನ್ನ ತಮ್ಮ ಲಾರಿಗೆ ಸಿಕ್ಕು ಸತ್ತ ಮರುದಿನವೇ ನಿಮ್ಮ ವಕೀಲರ ಸಂಘ ಠರಾವು ಮಾಡಿತು: ಡ್ರೈವರ್ ಸೂಗಪ್ಪನ ಪರ ಯಾರೂ ವಕಾಲತ್ತು ಹಾಕಬಾರದು. ಚನ್ನುವಿನ ಮೇಲಿನ ಪ್ರೀತಿಯಿಂದಲೇ ಮಾಡಿದರು, ಒಪ್ಪುತ್ತೇನೆ. ಆದರೂ ಕಾಯಿದೆ ಓದಿದವರೆಲ್ಲ ಕೂಡಿ, ಕೈ ಎತ್ತಿ, ಕೊಡ್ಲಿ ಎಂಬ ಹಳ್ಳಿಯ ಒಬ್ಬ ಡ್ರೈವರನ ಬಾಯಿ ಕಟ್ಟುವುದೆಂದರೆ ಏನು? ರಜಾಕಾರರ ಕಾಲದಲ್ಲಿ ನನ್ನ ಅಜ್ಜನನ್ನು ಹಿಡಿದೊಯ್ದಾಗ ಅವನ ಪರ ಮಾತಾಡಲು ಚಿಂಚೋಳಿಯಿಂದ ಚಿತ್ತಾಪುರದವರೆಗೆ ಒಬ್ಬನೂ ಸಿಗಲಿಲ್ಲವೆಂದು ನನ್ನವ್ವ ಸಾಯುವವರೆಗೆ ಹೇಳುತ್ತಿದ್ದಳು. ನೀನು ಸಭೆಯಲ್ಲಿ ಎದ್ದು ನಿಂತು, ಠರಾವು ಹಿಂದಕ್ಕೆ ತೆಗೆದುಕೊಳ್ಳಿರಿ ಎಂದು ಪಟ್ಟು ಹಿಡಿದೆ. ತೆಗೆದುಕೊಂಡರು. ಸೂಗಪ್ಪನಿಗೆ ವಕೀಲ ಸಿಕ್ಕ. ಅವತ್ತೇ ಅವ್ವ ನಿನಗೆ ‘ಇನ್ನ ಈ ಮನಿ ಹೊಸ್ತಿಲ ತುಳೀಬ್ಯಾಡ’ ಅಂದಳು.

ಅವಳ ಸಿಟ್ಟು ನನ್ನ ಮೇಲೆ. ‘ನಿಮ್ಮ ಫ್ರಾನ್ಸಿನ ವಕೀಲನೇ ನನ್ನ ಮಗಳ ತಲಿ ಕೆಡಿಸ್ಯಾನ’ ಎನ್ನುತ್ತಾಳೆ. ಸುಳ್ಳಲ್ಲ. ಇತಿಹಾಸದ ಮಾಸ್ತರನಾದ ನಾನು ಊಟದ ಹೊತ್ತಿಗೆ ನಿಮ್ಮಿಬ್ಬರಿಗೂ ಉಣಿಸಿದ್ದು ಅವನ ಕಥೆಯನ್ನೇ. ರೆನ್ ಎಂಬ ಊರಿನ ವಕೀಲ. ದೊಡ್ಡ ಮನೆತನಗಳ ಹಕ್ಕುಗಳ ವಿರುದ್ಧ ಬರೆದು ಬೆಳೆದವನು. ಕ್ರಾಂತಿಯ ಸಭೆಗೆ ಆರಿಸಿ ಹೋದವನು. ರಾಜನ ವಿಚಾರಣೆ ಬಂದಾಗ, ದೂರುವವರೂ ನಾವೇ ತೀರ್ಪು ಹೇಳುವವರೂ ನಾವೇ ಆದರೆ ಇದೆಂಥ ವಿಚಾರಣೆ ಎಂದು ಕೇಳಿದ. ಮುಂದೊಂದು ದಿನ, ಸದಸ್ಯನಾಗಿದ್ದ ಕಸಾಯಿಯೊಬ್ಬ ಅವನನ್ನು ವೇದಿಕೆಯಿಂದ ಎಳೆಯಲು ಬಂದರೆ, ಮೊದಲು ನಾನು ಎತ್ತು ಎಂದು ಠರಾವು ಮಾಡಿಸು, ಆಮೇಲೆ ಕಡಿ ಅಂದನಂತೆ. ಚನ್ನು ಅದಕ್ಕೆ ತುತ್ತು ಗಂಟಲಿಗೆ ಸಿಗುವ ಹಾಗೆ ನಗುತ್ತಿದ್ದ. ಕೊನೆಗೆ ಜೀವಕ್ಕೆ ಕುತ್ತು ಬಂದು ಆ ವಕೀಲ ತನ್ನ ಮನೆಯ ಅಟ್ಟದಲ್ಲೇ ಒಂದೂವರೆ ವರ್ಷ ಅಡಗಿದ್ದ. ಮನೆ ಉಳಿಯಲೆಂದು ಹೆಂಡತಿ ಕಾಗದದ ಮೇಲೆ ವಿಚ್ಛೇದನ ಪಡೆದಳು. ‘ಅಟ್ಟದಾಗ ಏನ್ ತಿಂತಿದ್ದನಪ್ಪಾ?’ ಎಂದು ನೀನು ಕೇಳಿದರೆ ಅವ್ವನೇ ‘ಹೆಂಡತಿ ಕದ್ದು ಕೊಟ್ಟದ್ದು ತಿಂತಿದ್ದ, ನೀ ಸುಮ್ನ ಉಣ್ಣು’ ಅಂದಿದ್ದಳು. ಬದುಕಿ ಹೊರಬಂದ. ಮುಪ್ಪಿನಲ್ಲಿ ಇತಿಹಾಸ ಬರೆದ, ನಮ್ಮ ವೇದಗಳ ಬಗ್ಗೆಯೂ ಬರೆದ.

ಈಗ ಅದೇ ಅವ್ವ ರೊಟ್ಟಿ ಬಡಿಯುತ್ತ, ಮುಖ ನೋಡದೆ ಕೇಳುತ್ತಾಳೆ: ‘ರಾಜ ಅವನ ಮಗನ್ನ ಕೊಂದಿದ್ದನೇನ್ರೀ?’ ನಾನು ಕಾಲೆಳೆಯುತ್ತ ಅಂಗಳಕ್ಕೆ ಎದ್ದು ಹೋಗುತ್ತೇನೆ, ಮಗಳೇ. ನೀನು ಮಾಡಿದ್ದು ಸರಿ. ಸರಿ ಎಂದು ಗೊತ್ತಿದ್ದೂ ರಾತ್ರಿ ಚನ್ನುವಿನ ಹಾಸಿಗೆಯ ಕಡೆ ನೋಡಲಾಗುವುದಿಲ್ಲ.

ಬಿಸಿನೀರು ಕುಡಿ. ಊಟ ಬಿಡಬೇಡ. ಬಸವಣ್ಣ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಗುರುಲಿಂಗಯ್ಯ

ತಾ.ಕ.: ಬರುವ ಗುರುವಾರ ನನ್ನ ಸಾಕ್ಷಿ. ಪೊಲೀಸರು ಲಾರಿಯ ನಂಬರು ಕೇಳಿದ್ದರು, ಹೇಳಿದ್ದೆ. ನಾವು ಯಾವ ಕಡೆಯಿಂದ ಬರುತ್ತಿದ್ದೆವೆಂದು ಯಾರೂ ಕೇಳಿರಲಿಲ್ಲ. ಸೂಗಪ್ಪನ ವಕೀಲ ಕೇಳುತ್ತಾನೆ. ವಾಡಿ ರಸ್ತೆಯಲ್ಲಿ ಡಿವೈಡರ್ ದಾಟುವ ತಿರುವು ದೂರವಿತ್ತು. ‘ಅಲ್ಲಿತನಕ ಹೋಗಿ ಯಾಕ ಸುತ್ತಿ ಬರೂದಪ್ಪಾ, ಎಲ್ಲಾರೂ ಹಿಂಗೇ ಹೋಗ್ತಾರ’ ಎಂದು ಚನ್ನು ಬೈಕನ್ನು ಎದುರು ದಿಕ್ಕಿನಲ್ಲೇ ಹೊಡೆದ. ಹಿಂದೆ ಕುಳಿತಿದ್ದ ನಾನು ಅದನ್ನೇ ಹೇಳುತ್ತೇನೆ. ಅವ್ವನಿಗೆ ಇದು ಗೊತ್ತಿಲ್ಲ. ಕೋರ್ಟಿಗೆ ಬಂದೇ ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನೀನು ಬಂದು ಅವಳ ಪಕ್ಕ ಕುಳಿತಿರು. ದೂಡಿದರೂ ಏಳಬೇಡ. ನಾನು ಕಟಕಟೆಯಲ್ಲಿ ನಿಂತಿರುತ್ತೇನೆ, ಅವಳ ಕೈ ಹಿಡಿಯಲು ನನಗೆ ಆಗುವುದಿಲ್ಲ.