ಕೈ ಮಾಡಿದವಳನ್ನು ವಿಮಾನ ಹತ್ತಿಸುವ ಮುನ್ನ

ವಾಸ್ತವ್ಯ ಅನುಮತಿ ಕಚೇರಿಯ ಮುಖ್ಯಸ್ಥರೇ,

ನಿಮ್ಮ ಅನುವಾದ ಯಂತ್ರಕ್ಕೆ ನಮ್ಮ ಭಾಷೆ ಬರುವುದಿಲ್ಲ. ಆ ಕಾರಣಕ್ಕೆ ಒಬ್ಬ ಹೆಂಗಸನ್ನು ಈ ಗುರುವಾರ ನೀವು ವಿಮಾನ ಹತ್ತಿಸಿ, ಆಕೆ ಯಾರಿಗೆ ಹೆದರಿ ಓಡಿಬಂದಳೋ ಅವರ ವಶಕ್ಕೇ ಒಪ್ಪಿಸಲಿದ್ದೀರಿ. ಮೊದಲು ನಿಮ್ಮ ಕುಶಲ ವಿಚಾರಿಸಿ, ನಿಮ್ಮ ಘನ ಕಾರ್ಯದಕ್ಷತೆಯನ್ನು ನಾಲ್ಕು ಸಾಲು ಹೊಗಳಿ, ಆಮೇಲೆ ವಿಷಯಕ್ಕೆ ಬರುವುದು ಮರ್ಯಾದೆ. ಕ್ಷಮಿಸಿ, ಅಷ್ಟು ವ್ಯವಧಾನ ನನಗೆ ಉಳಿದಿಲ್ಲ.

ನಾನು ಹವ್ಯಾಸಿ ಪತ್ರಕರ್ತೆ. ಯಾವ ಪತ್ರಿಕೆಯ ನೌಕರಿಯಲ್ಲೂ ಇಲ್ಲದವರನ್ನು ನಮ್ಮ ಭಾಷೆ ಹೀಗೆ ಕರೆಯುತ್ತದೆ, ನಾವು ಊಟವನ್ನೂ ಹವ್ಯಾಸಕ್ಕೇ ಮಾಡುತ್ತೇವೇನೋ ಎಂಬಂತೆ. ತಂತ್ರಜ್ಞಾನ, ಸಂಸ್ಕೃತಿ, ವಿದೇಶಾಂಗ ಈ ಮೂರರ ಬಗ್ಗೆ ಬರೆಯುತ್ತೇನೆ. ಆಕೆಯ ದೇಶದ ಯುದ್ಧದ ಬಗ್ಗೆ ಎಷ್ಟೋ ವರ್ಷ ಫೋನಿನಲ್ಲೇ ವರದಿ ಮಾಡಿದ್ದರಿಂದ ಅಲ್ಲಿನ ಮಾತು ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಆಕೆ ನಮ್ಮ ಕಟ್ಟಡದ ಕೆಳಮಹಡಿಯ ಒಂಟಿ ಕೋಣೆಗೆ ಬಾಡಿಗೆಗೆ ಬಂದಾಗ ಮೊದಲು ಮಾತಾಡಿಸಿದ್ದು ನಾನೇ. ಆದರೆ ಹಚ್ಚಿಕೊಂಡದ್ದು ನನ್ನ ಅಕ್ಕ.

ಅಕ್ಕ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿದ್ದಳು. ಕಾಗದ ಕತ್ತರಿಸುವ ಯಂತ್ರ ಆಕೆಯ ಬಲಗೈಯನ್ನು ಮಣಿಕಟ್ಟಿನಿಂದ ತೆಗೆದುಕೊಂಡಿತು. ಅಂದಿನಿಂದ ಸೆರಗಿನೊಳಗೆ ಮೋಟುಗೈ ಮುಚ್ಚಿಕೊಂಡು, ಯಾರಾದರೂ ಬಂದರೆ ಒಳಕೋಣೆ ಸೇರುತ್ತಿದ್ದಳು. ಕೆಳಮನೆಯಾಕೆ ಒಂದು ದಿನ ಮೆಟ್ಟಿಲಲ್ಲಿ ಅವಳನ್ನು ತಡೆದು, ಹೇಳದೆ ಕೇಳದೆ ಆ ಮೋಟುಗೈಯನ್ನು ಹಿಡಿದು, ಕಾಯಿಪಲ್ಲೆ ಪರೀಕ್ಷಿಸುವ ಹಾಗೆ ತಿರುಗಿಸಿ ನೋಡಿದಳು. ಹಳೆಯ ಹೆಲ್ಮೆಟ್ಟಿನ ತುಂಡು, ಸೈಕಲ್ಲಿನ ಬ್ರೇಕ್ ತಂತಿ, ಚರ್ಮದ ಪಟ್ಟಿ ಸೇರಿಸಿ ಅಕ್ಕನಿಗೊಂದು ಕೈ ಮಾಡಿಕೊಟ್ಟಳು. ಭುಜ ಅಲುಗಿಸಿದರೆ ಬೆರಳು ಮಡಚುತ್ತಿತ್ತು. ಅಕ್ಕ ಮೊದಲು ಮಾಡಿದ್ದು ಏನು ಗೊತ್ತೇ? ಬಚ್ಚಲಿಗೆ ಹೋಗಿ ಒದ್ದೆ ಟವೆಲನ್ನು ಎರಡು ಕೈಯಲ್ಲಿ ಹಿಂಡಿದಳು. ಹಿಂಡುತ್ತಲೇ ಇದ್ದಳು, ಅಳುತ್ತಲೇ ಇದ್ದಳು. ಕಟ್ಟಡದವರೆಲ್ಲ ಕೆಳಮನೆಯಾಕೆಯನ್ನು ಕೈಯಮ್ಮ ಎಂದು ಕರೆಯತೊಡಗಿದರು.

ತನ್ನ ಊರಿನ ಆಸ್ಪತ್ರೆಯಲ್ಲಿ ಕೈಯಮ್ಮನ ಕೆಲಸವೇ ಅದು. ಬಾಂಬಿಗೆ ಕೈ ಕಳೆದುಕೊಂಡವರು ಯಾವ ಪಕ್ಷದವರೆಂದು ಕೇಳದೆ ಎಲ್ಲರಿಗೂ ಕೈ ಮಾಡುತ್ತಿದ್ದಳು. ಬಂದೂಕಿನವರು ಬಂದು, ಆಚೆ ಪಕ್ಷದ ರೋಗಿಗಳು ಎಲ್ಲಿದ್ದಾರೆ ಹೇಳು ಎಂದರು. ಹೇಳಲಿಲ್ಲ. ಅವರು ಮತ್ತೆ ಬರುವಷ್ಟರಲ್ಲಿ ಊರು ಬಿಟ್ಟಳು. ನಿಮ್ಮ ಕಚೇರಿ ಆಶ್ರಯ ಕೊಡಬೇಕಾದದ್ದು ಇಂಥವರಿಗಲ್ಲದೆ ಇನ್ನು ಯಾರಿಗೆ?

ಆಕೆಯ ವಿಚಾರಣೆಯ ಧ್ವನಿಮುದ್ರಣವನ್ನು ನಾನು ಕೇಳಿದ್ದೇನೆ. ನಿಯಮದ ಪ್ರಕಾರ ಆಕೆಯ ಫೋನಿಗೆ ಅದನ್ನು ಕಳಿಸಿದ್ದು ನೀವೇ. ವಿಚಾರಣಾಧಿಕಾರಿಯದು ಮೆದು ದನಿ, ಅವರನ್ನು ದೂರುವುದಿಲ್ಲ. ಕಸುಬೇನೆಂದು ಮೊದಲೇ ಕೇಳಿದರು. ಯಂತ್ರ ಆಕೆಯ ಉತ್ತರವನ್ನು ‘ಕೈಕೆಲಸ’ ಎಂದಿತು. ಹೊಲಿಗೆ, ಹೆಣಿಗೆ ಎಂದುಕೊಂಡಿರಬೇಕು. ಆಮೇಲೆ ಕೇಳಿದರು:

“ಅಲ್ಲಿದ್ದಾಗ ಯಾರ ಮೇಲಾದ್ರೂ ಕೈ ಮಾಡಿದ್ದೀರಾ?”

ಹೊಡೆದಿದ್ದೀರಾ ಎಂಬುದು ಅವರ ಪ್ರಶ್ನೆ. ನಿಮ್ಮ ಯಂತ್ರ ಅದನ್ನು ಆಕೆಯ ಭಾಷೆಯಲ್ಲಿ ‘ಯಾರಿಗಾದರೂ ಕೈ ತಯಾರಿಸಿದ್ದೀರಾ’ ಎಂದು ಕೇಳಿತು. ಆ ಇಡೀ ವಿಚಾರಣೆಯಲ್ಲಿ ಕೈಯಮ್ಮನ ದನಿ ಅರಳಿದ್ದು ಅಲ್ಲೊಂದೇ ಕಡೆ. ಕೊನೆಗೂ ಯಾರೋ ತನ್ನ ಕೆಲಸದ ಬಗ್ಗೆ ಕೇಳಿದರಲ್ಲ!

“ಹೌದು, ತುಂಬಾ ಜನಕ್ಕೆ ಮಾಡಿದ್ದೀನಿ.”

“ಮಕ್ಕಳಿಗೂ?”

“ಮಕ್ಕಳಿಗೇ ಜಾಸ್ತಿ. ಬೆಳೀತಾರಲ್ಲ, ವರ್ಷ ವರ್ಷ ಮತ್ತೆ ಮಾಡ್ಬೇಕಾಗ್ತಿತ್ತು.”

“ಸ್ವಲ್ಪನೂ ಪಶ್ಚಾತ್ತಾಪ ಇಲ್ವಾ?”

“ಇದೆ. ಇನ್ನೂ ಎಷ್ಟೋ ಜನಕ್ಕೆ ಮಾಡೋದು ಬಾಕಿ ಇತ್ತು.”

ಅರ್ಜಿ ವಜಾ ಆಯಿತು. ಅರ್ಜಿದಾರಳು ಮಕ್ಕಳ ಮೇಲೆ ನಿರಂತರ ಹಲ್ಲೆ ಎಸಗಿರುವುದಾಗಿ ಸ್ವತಃ ಒಪ್ಪಿಕೊಂಡಿದ್ದಾಳೆ ಎಂಬುದು ಕಾರಣ. ಮಾನ್ಯರೇ, ಇಷ್ಟು ಖುಷಿಯಿಂದ ತಪ್ಪೊಪ್ಪಿಕೊಳ್ಳುವ ಅಪರಾಧಿಯನ್ನು ನಿಮ್ಮ ಸೇವಾವಧಿಯಲ್ಲಿ ಕಂಡಿದ್ದೀರಾ? ವರ್ಷ ವರ್ಷ ಮಕ್ಕಳು ತಾವಾಗಿಯೇ ಬಂದು ಹೊಡೆಸಿಕೊಂಡು ಹೋಗುತ್ತಿದ್ದರೇ ಎಂದು ನಿಮ್ಮಲ್ಲಿ ಒಬ್ಬರಿಗಾದರೂ ಅನುಮಾನ ಬರಲಿಲ್ಲವೇ?

ಆಗಿನ್ನೂ ಕೈಯಮ್ಮ ಮನೆಯಲ್ಲೇ ಇದ್ದಳು. ಅಕ್ಕ ಎದ್ದುನಿಂತಳು. “ನಾನೇ ಹೋಗಿ ಹೇಳ್ತೀನಿ ಕಣೇ. ನನ್ನ ಕೈ ತೋರಿಸಿದ್ರೆ ಮುಗೀತಲ್ಲ, ಇನ್ನೇನು ಸಾಕ್ಷಿ ಬೇಕು ಅವರಿಗೆ?” ಅಪಘಾತವಾದ ಮೇಲೆ ಅಕ್ಕ ಒಬ್ಬಳೇ ಊರೊಳಗೆ ಹೊರಟದ್ದು ಅದೇ ಮೊದಲು. ಜೊತೆಗೆ ಬರುತ್ತೇನೆಂದರೂ ಬೇಡವೆಂದಳು.

ನಿಮ್ಮ ಬಾಗಿಲಲ್ಲಿ ಲೋಹ ಪತ್ತೆ ಮಾಡುವ ಚೌಕಟ್ಟು ಕಿರುಚಿಕೊಂಡಿತು. ಕಾವಲುಗಾರ, “ಕೈ ಬಿಚ್ಚಿ ಟ್ರೇಯಲ್ಲಿಡಿ ಅಮ್ಮಾ, ಹೋಗುವಾಗ ತಗೊಳ್ಳಿ,” ಎಂದ. ಹಾಗಾಗಿ ಅಕ್ಕ ಬರಿಗೈಯಲ್ಲಿ ಒಳಗೆ ಹೋದಳು. ಕೌಂಟರಿನಲ್ಲಿ ಮನುಷ್ಯರಿರಲಿಲ್ಲ. ಒಂದು ಪರದೆ, ಒಂದು ಮೈಕು. ಹೇಳಿಕೆಯನ್ನು ಸಂಕ್ಷಿಪ್ತವಾಗಿ ನೀಡಿ ಎಂದಿತು ಪರದೆ. ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡದ್ದನ್ನು ಅಕ್ಕ ಹೇಳಿದಳು: “ಅವಳು ನನಗೂ ಕೈ ಮಾಡಿದ್ದಾಳೆ. ಅವಳು ಕೈ ಮಾಡಿದ್ಮೇಲೆ ನನ್ನ ಜೀವನಾನೇ ಬದಲಾಗೋಯ್ತು. ದಯವಿಟ್ಟು ಅವಳನ್ನ ಬಿಡ್ಬೇಡಿ, ಇಲ್ಲೇ ಇಟ್ಕೊಳ್ಳಿ.”

ಈ ಬಾರಿ ಅನುವಾದದ ಗೊಡವೆಯೂ ಇರಲಿಲ್ಲ. ಯಂತ್ರ ಬರೀ ಸಾರಾಂಶ ಮಾಡಬೇಕಿತ್ತು. ಮಾಡಿತು. ನೆರೆಮನೆಯ ಮಹಿಳೆ ತನ್ನ ಮೇಲೂ ಹಲ್ಲೆಯಾಗಿದೆಯೆಂದು ದೂರಿ, ಆರೋಪಿಯನ್ನು ಬಂಧನದಲ್ಲಿಡುವಂತೆ ಕೋರಿದ್ದಾರೆ! ಮರುದಿನ ನಿಮ್ಮ ವ್ಯಾನು ಬಂತು. ಕೈಯಮ್ಮನನ್ನು ಕರೆದೊಯ್ಯುವಾಗ ನಿಮ್ಮ ಸಿಬ್ಬಂದಿ ಅಕ್ಕನಿಗೆ, “ಇನ್ನು ನೀವು ಹೆದರ್ಬೇಕಾಗಿಲ್ಲ ಮೇಡಂ,” ಎಂದು ಧೈರ್ಯ ಹೇಳಿ ಹೋದರು.

ಆಮೇಲೆ ನಾನು ಬಡಿಯದ ಬಾಗಿಲಿಲ್ಲ. ನಿಮ್ಮ ಸಹಾಯವಾಣಿಯಲ್ಲಿ ಮಾತಾಡಿದ್ದೂ ಯಂತ್ರವೇ. ನನ್ನ ಕಳವಳ ಅದಕ್ಕೆ ಬಹಳ ಮುಖ್ಯವಂತೆ. ಲೇಖನ ಬರೆದು ಪತ್ರಿಕೆಗೆ ಒಯ್ದೆ. ತಂತ್ರಜ್ಞಾನ ಪುಟದ ಸಂಪಾದಕರು ಇದು ಭಾಷೆಯ ಸಮಸ್ಯೆ, ಸಂಸ್ಕೃತಿಯವರಿಗೆ ಕೊಡಿ ಎಂದರು. ಸಂಸ್ಕೃತಿಯವರು ವಲಸೆಯ ವಿಷಯ ನಮ್ಮದಲ್ಲ, ವಿದೇಶಾಂಗಕ್ಕೆ ಕೊಡಿ ಎಂದರು. ವಿದೇಶಾಂಗದವರು ಕಾಫಿ ಕೊಟ್ಟು, “ಇದು ಪಕ್ಕಾ ಟೆಕ್ನಾಲಜಿ ಸ್ಟೋರಿ ಕಣ್ರೀ,” ಎಂದರು. ಕೊನೆಗೆ ಓದುಗರ ಪತ್ರಗಳ ವಿಭಾಗದವರು ಕನಿಕರಿಸಿ ಈ ಜಾಗ ಬಿಟ್ಟುಕೊಟ್ಟಿದ್ದಾರೆ.

ಕಳೆದ ಭಾನುವಾರ ಬಂಧನ ಕೇಂದ್ರಕ್ಕೆ ಇಬ್ಬರೂ ಹೋಗಿದ್ದೆವು. ಗಾಜಿನ ಆಚೆ ಕೈಯಮ್ಮ, ಈಚೆ ನಾವು. ವ್ಯಾನು ಬಂದ ದಿನವೇ ಅಕ್ಕ ಆ ಕೈಯನ್ನು ಬಿಚ್ಚಿಟ್ಟಿದ್ದಳು. ಕೈಯಮ್ಮನ ಕಣ್ಣು ಮೊದಲು ಹೋದದ್ದು ಅಕ್ಕನ ಖಾಲಿ ಮಣಿಕಟ್ಟಿಗೇ. ತನಗೆ ಬರುವ ನಾಲ್ಕಾರು ಮಾತು ಕೂಡಿಸಿಕೊಂಡು ಕೇಳಿದಳು, “ಅಕ್ಕ, ಪಟ್ಟಿ ಸಡಿಲ? ಒಂದು ತೂತು ಮುಂದೆ ಹಾಕು. ನೋವು ಬರಲ್ಲ.”

ಅಕ್ಕ ತಲೆಯಾಡಿಸಿದಳು. ಬಸ್ಸಿನಲ್ಲಿ ಕೂತ ಮೇಲೆ, “ನಾನು ಸುಮ್ಮನೆ ಮನೇಲಿದ್ದಿದ್ರೆ ಅವಳೂ ಮನೇಲಿರ್ತಿದ್ಳು, ಅಲ್ವೇನೇ?” ಎಂದಳು. ದಿನಾ ಅದನ್ನೇ ಕೇಳುತ್ತಾಳೆ. ನಾನು ಏನೆನ್ನಲಿ, ಮಾನ್ಯರೇ? ಸಾಕ್ಷಿ ಹೇಳಿದ್ದೇ ತಪ್ಪು ಎನ್ನಲೇ?

ಗುರುವಾರದ ವಿಮಾನವನ್ನು ತಡೆಯಿರಿ. ಎರಡೂ ಭಾಷೆ ಬಲ್ಲ ಒಬ್ಬ ಮನುಷ್ಯನನ್ನು ಕರೆಸಿ, ಆ ಧ್ವನಿಮುದ್ರಣವನ್ನು ಅವರ ಪಕ್ಕ ಕೂತು ಕೇಳಿ. ಅಂಥವರು ಊರಲ್ಲಿ ಇದ್ದಾರೆ. ಮೊನ್ನೆಮೊನ್ನೆಯವರೆಗೂ ನಿಮ್ಮಲ್ಲೇ ಕೆಲಸಕ್ಕಿದ್ದವರು ಅವರು. ನೀವು ಕೇಳಿಸಿಕೊಂಡ ಮೇಲೂ ಆಕೆಯನ್ನು ಕಳಿಸಲೇಬೇಕು ಅನಿಸಿದರೆ, ಆ ಮಾತನ್ನು ಆಕೆಯ ಎದುರು ನಿಂತು ನಿಮ್ಮ ಬಾಯಿಂದಲೇ ಹೇಳಿ. ಇನ್ನೊಂದು ಬೇಡಿಕೆ, ಕಾಲು ಹಿಡಿದು ಕೇಳುತ್ತಿದ್ದೇನೆ ಎಂದೇ ತಿಳಿಯಿರಿ: ಈ ಪತ್ರದ ಸಾರಾಂಶವನ್ನು ಯಂತ್ರದಿಂದ ತರಿಸಿಕೊಳ್ಳಬೇಡಿ. ನೀವೇ ಓದಿ.

ಇಂತಿ,
ಮನೆಗೆ ಹೋಗಿ ಅಕ್ಕನಿಗೆ ಏನು ಹೇಳುವುದೆಂದು ತೋಚದ ತಂಗಿ