ಮೊಟಕು ಹಿಡಿಯ ರೈಫಲ್

ಕೋಮಾಂಚಿ ಕೌಂಟಿ, ಟೆಕ್ಸಾಸ್
ಭಾನುವಾರ

ಆರ್ವಿಲ್ ಮಾವನವರಿಗೆ,

ಕಾಡುಹಂದಿಗಳು ನಮ್ಮ ಕಡಲೆಕಾಯಿ ಹೊಲವನ್ನು ಉತ್ತುಹಾಕಿವೆ. ಬೋನು ಇಟ್ಟಿದ್ದೇನೆ, ಬೀಳುತ್ತಲೂ ಇವೆ. ನಿಮ್ಮ ಮಗ ರಾಯ್ಸ್ ಎಣ್ಣೆಬಾವಿ ಕೆಲಸಕ್ಕೆ ಹೋದಾಗ ಹೊಡೆಯುವವಳು ನಾನೇ. ಅವನ ದೊಡ್ಡ ರೈಫಲ್ ಭುಜಕ್ಕೆ ಒದೆಯುತ್ತದೆ. ಈಗ ಅದು ಬೇಡವೆಂದು ಡಾಕ್ಟರು ಹೇಳಿದ್ದಾರೆ.

ಚಿಕ್ಕಂದಿನಲ್ಲಿ ಅವನಿಗೆ ಬೇಟೆ ಕಲಿಸಿದ, ಸಣ್ಣ ಗುಂಡಿನ ನಿಮ್ಮ ಪಾಯಿಂಟ್ ಇಪ್ಪತ್ತೆರಡು ರೈಫಲ್ ಕೊಡಿ. "ಅದ್ರಲ್ಲಿ ಹಂದಿನಾ? ಅಳಿಲು ಹೊಡಿ ಹೋಗಮ್ಮ!" ಅಂತೀರಿ, ಗೊತ್ತು. ಓಡುವ ಹಂದಿಗಲ್ಲ ಮಾವ, ಬೋನಿಗೆ ಬಿದ್ದದ್ದಕ್ಕೆ. ಹತ್ತಿರ ನಿಂತು ಕಿವಿಯ ಹಿಂದೆ ಹೊಡೆದರೆ ಒಂದೇ ಗುಂಡು ಸಾಕು, ಪ್ರಾಣಿ ನರಳುವುದಿಲ್ಲ.

ಬೇಲಿಯ ಜಗಳದಲ್ಲಿ ನೀವೂ ರಾಯ್ಸೂ ಮಾತು ಬಿಟ್ಟಿದ್ದೀರಿ. "ಆ ಮುದುಕನ ಹತ್ರ ಒಂದು ಮೊಳೆನೂ ಕೇಳ್ಬೇಡ" ಅಂದಿದ್ದಾನೆ ಅವನು. ನಾನು ಮೊಳೆ ಕೇಳುತ್ತಿಲ್ಲವಲ್ಲ. ಬೇರೆಯವರ ಕೈಲಿ ಕಳಿಸಬೇಡಿ, ನೀವೇ ತನ್ನಿ.

ಅವನ ಪುಟ್ಟ ಕೈಗೆ ಹೊಂದಲೆಂದು ಅದರ ಮರದ ಹಿಡಿಯನ್ನು ಗರಗಸದಲ್ಲಿ ಮೊಟಕು ಮಾಡಿ, ಕೊಯ್ದ ತುಂಡನ್ನು ಜೋಪಾನವಾಗಿ ಇಟ್ಟಿದ್ದೀರಂತೆ. ನನ್ನ ಕೈಗೆ ಹೊಂದುವಂತೆ ಆ ತುಂಡನ್ನು ಹಿಡಿಗೆ ಮತ್ತೆ ಜೋಡಿಸಬೇಕು. ಆದರೆ ಅಂಟು ಹಾಕಬೇಡಿ, ತಿರುಪು ಸಾಕು. ಕೆಲವು ವರ್ಷಕ್ಕೆ ಈ ಮನೆಯಲ್ಲೇ ಇನ್ನೊಂದು ಪುಟ್ಟ ಕೈಗೆಂದು ಅದನ್ನು ಮತ್ತೆ ಬಿಚ್ಚಬೇಕಾಗುತ್ತದೆ.

ನಿಮ್ಮ ಸೊಸೆ,
ಲೊರೀನಾ