ಉಡಿಯಾಗ ಹಾಕಿದ ಭತ್ತ

ಮುಗದ, ಮೇ ೧೮, ಸೋಮವಾರ

ತಂಗೆವ್ವ ಕಾಳವ್ವಗ ಅಣ್ಣ ಶಿದ್ದಪ್ಪನ ಆಶೀರ್ವಾದ.

ನಿನ್ನ ಮಣಕಾಲ ನೋವು ಹೆಂಗೈತಿ? ಅತ್ತೆವ್ವ, ಮಾವ ಆರಾಮ ಅದಾರಿಲ್ಲೋ? ನಾ ಆರಾಮ ಅದೇನಿ, ಹೊಟ್ಟಿ ಒಂದ ನನಗಿಂತ ಮುಂದ ನಡ್ಯಾಕತ್ತೈತಿ.

ಆ ಮೇಡಂ ಮತ್ತ ಬಂದಿದ್ರವ್ವಾ. ಹ್ವಾದ ಮಳಿಗಾಲದಾಗ ನಮ್ಮ ಭತ್ತಕ್ಕ ಬೆಂಕಿ ರೋಗ ಬಿದ್ದಾಗ ಗರಿ ಕಿತಗೊಂಡು ಹ್ವಾದ್ರಲ್ಲ, ವಿದ್ಯಾನಗರದ ಉಜ್ಮಾ ಮೇಡಂ, ಅವರ. ಹೆಸರಿಗೆ ಡಾಕ್ಟರ್, ಒಂದ ಹನಿ ಔಷಧ ಕೊಡೂದಿಲ್ಲ. ಡಾಕ್ಟರ್ ಓದು ಮುಗಿಸಿದ ಮ್ಯಾಲೂ ಬೆಳಿ ರೋಗದ ಮ್ಯಾಲ ಇನ್ನೂ ಸಂಶೋಧನಾ ಮಾಡಾಕತ್ತಾರಂತ. ನಾ ನಾಕನೇತ್ತಾಕ್ಕ ಸಾಲಿ ಬಿಟ್ಟು ಓಡಿ ಬಂದಾಂವ. ಇವರು ಮುಗದ್ರೂ ಸಾಲಿ ಬಿಡವಲ್ರು ಅಂದ್ರ ಏನೋ ಮಸಲತ್ತು ಇರಬೇಕಲ್ಲ? ಚುಕ್ಕಿ ಬಿದ್ದ ಗರೀನ ಬಂಗಾರದಂಗ ಲಕೋಟಿಯಾಗ ಹಾಕಿ ಊರು, ತಾರೀಖು ಬರೀತಾರ. ರೋಗ ಇವರ ತಂದು ಬಿಟ್ಟು, ಇವರ ನೋಡಾಕ ಬರ್ತಾರೇನೋ ಅಂತ ನನಗ ಗುಮಾನಿ. ಅದಕ್ಕ ಚಾ ಕೊಟ್ಟೆ, ಖರೇ ಮಾತು ಕೊಡಲಿಲ್ಲ. "ಬೀಜ ಯಾರಿಗರೆ ಕೊಟ್ಟೀರೇನ್ರಿ ಕಾಕಾ?" ಅಂದ್ರು. "ನಾ ಯಾರಿಗೂ ಜ್ವರಾ ಸುದ್ದಾ ಕೊಡಾಂವಲ್ರಿ" ಅಂದೆ. ಬಸವ ಜಯಂತಿಗೆ ನಿನ್ನ ಉಡಿಯಾಗ ಐದು ಬೊಗಸಿ ಬೀಜದ ಭತ್ತ, ಗಾಡ್ಯಾಗ ಮ್ಯಾಲೊಂದು ಚೀಲ ವರ್ಷಾ ವರ್ಷ ಹಾಕತೇನಿ, ಖರೇ. ಉಡಿ ತುಂಬಿದ್ದನ್ನ ಕೊಟ್ಟೆ ಅಂತ ಯಾರರೆ ಹೇಳ್ತಾರೇನವ್ವಾ?

ಇವತ್ತ ಮೊಬೈಲ್‌ನ್ಯಾಗ ನಕಾಶಿ ತೋರಿಸಿದ್ರು. ರೋಗಕ್ಕೂ ವಂಶಾವಳಿ ಇರತೈತಂತ. ನಾವು ಹೊಡದ ಔಷಧಕ್ಕ ಪಳಗಿ, ಎಲೆಕ್ಷನ್‌ನ್ಯಾಗ ಪಾರ್ಟಿ ಬದಲಿಸಿದಂಗ ಕುಲಾ ಬದಲಿಸತೈತಂತ. ನಮ್ಮ ಹೊಲದಾಗಿನ ಕುಲದ್ದ ರೋಗ, ನಡುವಿನ ಹತ್ತ ಊರು ಬಿಟ್ಟು, ಕಲಘಟಗಿ ಕಡೆ ಒಂದ ಊರಾಗ ಕುಂತೈತಿ. "ಗಾಳಿ ಹಿಂಗ ಊರು ಆರಿಸಿ ಬೀಸೂದಿಲ್ಲ ಕಾಕಾ, ಯಾರೋ ಬೀಜದ ಜೋಡಿ ಒಯ್ದಾರ" ಅಂದ್ರು. "ಹನಮಪ್ಪ ಗುಡ್ಡ ಹೊತಗೊಂಡು ಹಾರಿರಬೇಕ್ರಿ" ಅಂತ ನಕ್ಕೆ. ಆಮ್ಯಾಲ ಊರ ಹೆಸರು ಓದಿದೆ. ನಿಮ್ಮೂರವ್ವಾ ಅದು.

ನಿಮ್ಮ ವೈನಿ ಕರ್ಯಾಕತ್ತಾಳ: "ರೊಟ್ಟಿ ಆರಾಕತ್ತಾವ, ಬರ್ರಿ. ಕಾಗದಾನ ತಿಂತೀರೇನು?" ಹಿರ್ಯಾರಿಗೆ ಶರಣು ಹೇಳು, ಮಕ್ಕಳ ತಲಿ ಸವರು.

ನಿನ್ನ ಅಣ್ಣ,
ಶಿದ್ದಪ್ಪ

ತಾ.ಕ.: ಫೋನ್‌ನ್ಯಾಗ ಹೇಳಿದ್ದನ್ನ ನಿಮ್ಮ ಅತ್ತೆವ್ವನ ಮುಂದ ಹಿಡ್ಯಾಕ ಬರೂದಿಲ್ಲ, ಅದಕ್ಕ ಕಾಗದ. ಜೋರಲೇ ಓದಿ ತೋರಸು. ಹ್ವಾದ ವರ್ಷ ಹೊಲ ಸುಟ್ಟಿದ್ದು ಸೊಸಿ ಕೈಗುಣ ಅಂದ್ರಲ್ಲ, ನಿನ್ನ ಕೈ ಅಲ್ಲವ್ವಾ ಅದು. ಈ ಸಲದ ಚೀಲ ಬಿತ್ತಬ್ಯಾಡ್ರಿ. ಮೇಡಂಗೂ ಫೋನ್ ಹಚ್ಚಿ ಖರೇ ಹೇಳೇನಿ. ಆ ಕೈ ನಂದು. ಸಾಕ್ಷಿಗೆ ಇನ್ನೊಂದ ಸಹಿ ಹಾಕೇನಿ.

ಶಿದ್ದಪ್ಪ